ಮಂಜು ಕವಿದಾಗ ಹಳ್ಳದ ಜಾಡು ಹಿಡಿಯಬೇಡಿ

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಬೆಟ್ಟ ಹತ್ತಲು ಬರುವವರು ಮೊದಲು ವಿಚಾರಿಸುವುದು ಇಂಬಳದ (ಜಿಗಣೆಯ) ಬಗ್ಗೆ, ಆಮೇಲೆ ಹಾವಿನ ಬಗ್ಗೆ. ಇಂಬಳವನ್ನು ಉಗುರಿನಿಂದ ಮೆಲ್ಲಗೆ ಸರಿಸಿ ತೆಗೆದರೆ ಮುಗಿಯಿತು. ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಅಷ್ಟೇ. ಇಲ್ಲಿ ಜೀವಕ್ಕೆ ಕುತ್ತು ತರುವುದು ಒದ್ದೆ ಬಟ್ಟೆ ಮತ್ತು ಮಂಜು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. 10–15 ಡಿಗ್ರಿಯಲ್ಲೇ ನೆನೆದ ಮೈಗೆ ಗಾಳಿ ಬಡಿದರೆ ದೇಹದ ಶಾಖ ಸೋರಿಹೋಗುತ್ತದೆ. ಜೀನ್ಸ್ ಪ್ಯಾಂಟು, ಹತ್ತಿಯ ಟೀಶರ್ಟು ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತವೆ, ಬೇಗ ಒಣಗುವುದಿಲ್ಲ. ಉಣ್ಣೆ ಹಾಗಲ್ಲ, ನೆಂದರೂ ಒಂದಿಷ್ಟು ಬಿಸಿ ಹಿಡಿದಿಡುತ್ತದೆ. ನಮ್ಮ ಹಿರಿಯರು ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಒಂದು ಜೊತೆ ಒಣಬಟ್ಟೆ, ಸಾಕ್ಸ್, ಸ್ವೆಟರ್ ಇವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬ್ಯಾಗಿನೊಳಗಿಡಿ. ಬ್ಯಾಗಿನ ರೇನ್‌ಕವರ್ ಒಂದನ್ನೇ ನಂಬಬೇಡಿ.

ಜೊತೆಯವರನ್ನು ಗಮನಿಸುತ್ತಿರಿ. ಮೊದಲು ನಡುಕ ಬರುತ್ತದೆ, ಆಮೇಲೆ ಬೆರಳಿಗೆ ಜಿಪ್ ಎಳೆಯಲಾಗದು, ಮಾತು ತೊದಲುತ್ತದೆ, ಕಾಲು ಎಡವುತ್ತದೆ. ಬೆಚ್ಚಗಾಗದೆಯೇ ನಡುಕ ನಿಂತಿತೆಂದರೆ ಪರಿಸ್ಥಿತಿ ಕೈಮೀರುತ್ತಿದೆ. ಗಾಳಿಯಿಂದ ಮರೆಗೆ ತಂದು ಒದ್ದೆ ಬಟ್ಟೆ ಬಿಚ್ಚಿಸಿ, ಒಣಬಟ್ಟೆ ತೊಡಿಸಿ, ತಲೆ ಮುಚ್ಚಿ. ಬರಿನೆಲದ ಮೇಲೆ ಕೂರಿಸಬೇಡಿ, ಖಾಲಿ ಬ್ಯಾಗನ್ನಾದರೂ ಕೆಳಗೆ ಹಾಸಿ. ಎಚ್ಚರವಿದ್ದು ನುಂಗಬಲ್ಲರಾದರೆ ಬಿಸಿ ಬೆಲ್ಲದ ನೀರು ಕೊಡಿ. ಮದ್ಯ ಬೇಡವೇ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಉಳಿದ ಶಾಖವನ್ನೂ ಹೊರಹಾಕುತ್ತದೆ.

ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿಯಿರಿ, ಊರು ಸಿಗುತ್ತದೆ ಎನ್ನುವ ಮಾತೊಂದಿದೆ. ಘಟ್ಟದ ಅಂಚಿನಲ್ಲಿ ಅದು ಅಪಾಯದ ಸಲಹೆ. ಬಲ್ಲಾಳರಾಯನದುರ್ಗದ ಕಡೆ ಹುಲ್ಲುಗಾವಲಿನಲ್ಲಿ ಸದ್ದಿಲ್ಲದೆ ಹರಿಯುವ ಹಳ್ಳವೇ ಮುಂದೆ ಬಂಡಾಜೆ ಅರ್ಬಿ ಎಂಬ ಜಲಪಾತವಾಗಿ ಪ್ರಪಾತಕ್ಕೆ ಧುಮುಕುತ್ತದೆ. ಮಂಜಿನಲ್ಲಿ ಆ ಅಂಚು ಕಾಣುವುದಿಲ್ಲ. ಕಾಲುದಾರಿ ಕಳೆದುಹೋಯಿತು ಅನ್ನಿಸಿದ ಕೂಡಲೇ ನಿಲ್ಲಿ. ಎಲ್ಲರೂ ಒಂದೇ ಕಡೆ ಇರಿ. ಮೂರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ ಊದಿ. ಸಿಗ್ನಲ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ, ಆದ್ದರಿಂದ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಅನುಮತಿ ಇರುವ ಜಾಗದಲ್ಲೇ ಟೆಂಟ್ ಹಾಕಿ; ಹಳ್ಳದ ದಡ, ಬೋಳು ನೆತ್ತಿ ಎರಡೂ ಬೇಡ. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಟೆಂಟಿನೊಳಗೆ ತರಬೇಡಿ. ಅದರ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಹೊರಡುವ ಮೊದಲು ಹೋಂಸ್ಟೇಯವರಿಗೆ ಯಾವ ದಾರಿ, ಎಷ್ಟು ಜನ ಎಂದು ತಿಳಿಸಿ, ಇಂತಿಷ್ಟು ಹೊತ್ತಿಗೆ ಇಳಿಯದಿದ್ದರೆ 112ಕ್ಕೆ ಕರೆ ಮಾಡಲು ಹೇಳಿಡಿ.