ಫ್ಯಾನ್ ಹಾಕುವ ಮುನ್ನ

ಮಳೆ ನೀರು ನುಗ್ಗಿದ ಮನೆಯನ್ನು ಸ್ವಚ್ಛಗೊಳಿಸುವ ಬಗ್ಗೆ ಬಂದ ಲೇಖನವೊಂದರಲ್ಲಿ, ನೀರು ಇಳಿದ ಕೂಡಲೇ ಫ್ಯಾನ್ ಹಾಕಿ ಮನೆ ಒಣಗಿಸಿ ಎಂದಿದೆ. ದಯವಿಟ್ಟು ಅವಸರ ಬೇಡ. 2021ರ ನವೆಂಬರ್ ಮಳೆಗೆ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಮೊಣಕಾಲುದ್ದ ನೀರು ನುಗ್ಗಿತ್ತು. ನೆಲ ಒಣಗಿದರೂ ಸ್ವಿಚ್ ಬೋರ್ಡ್ ಬಿಚ್ಚಿದಾಗ ಒಳಗಿನಿಂದ ಕೆಸರು ನೀರು ಸುರಿಯಿತು! ಅದೆಲ್ಲ ಒಣಗುವವರೆಗೆ ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಹಾಕಲು ಬಿಡಲಿಲ್ಲ. ಸಂಪ್ ವಿಷಯವನ್ನಂತೂ ಲೇಖಕರು ಮರೆತೇಬಿಟ್ಟಿದ್ದಾರೆ. ಚರಂಡಿ ನೀರು ಸೇರಿದ ಸಂಪನ್ನು ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯದೆ ಮೋಟಾರ್ ಹಾಕಿದರೆ ಮೇಲಿನ ಟ್ಯಾಂಕೂ ಕೆಡುತ್ತದೆ. ನೆನೆದ ರಾಗಿ ಮೂಟೆಯನ್ನು ಬಿಸಿಲಿಗೆ ಹರಡಿ ಉಳಿಸಿಕೊಳ್ಳಬೇಕೆಂದು ನಮ್ಮ ಅತ್ತೆ ಎರಡು ದಿನ ಹಠ ಹಿಡಿದಿದ್ದರು. ಕೊನೆಗೆ ತಿಪ್ಪೆಗೇ ಹೋಯಿತು. ಎಸೆಯುವ ಮೊದಲು ಫೋಟೊ ತೆಗೆದಿಟ್ಟದ್ದು ಪರಿಹಾರದ ಅರ್ಜಿಗೆ ಉಪಯೋಗವಾಯಿತು.