ನಾಲ್ಕು ಚಾನೆಲ್ ಮೆಮೊರಿಗೆ ದುಡ್ಡು ಹಾಕಬೇಕೇ?

ವಸಂತನರಸಾಪುರದ ಮೆಷಿನ್ ಡಿಸೈನ್ ಆಫೀಸು, ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬು, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊ. ಇಂಥ ಕಡೆ ಹೊಸ ಡೆಸ್ಕ್‌ಟಾಪ್ ಜೋಡಿಸುವಾಗ ಎರಡು ಚಾನೆಲ್‌ನ ಎಎಂ5 (ಎಎಂಡಿ ಕಂಪನಿಯ ಮಾಮೂಲಿ ರೈಜನ್ ಪ್ರೊಸೆಸರ್ ಕೂರುವ ಬೋರ್ಡು) ಸಾಕೇ, ನಾಲ್ಕು ಚಾನೆಲ್‌ನ ಥ್ರೆಡ್‌ರಿಪ್ಪರ್ (ಅದೇ ಕಂಪನಿಯ ದೊಡ್ಡ, ದುಬಾರಿ ಪ್ರೊಸೆಸರ್) ಬೇಕೇ? ಚಾನೆಲ್ ಅಂದರೆ ರಾಮ್‌ಗೂ ಪ್ರೊಸೆಸರಿಗೂ ನಡುವೆ ಡೇಟಾ ಸಾಗುವ ದಾರಿ.

ಪರ: ಕೆರೆ ದೊಡ್ಡದಾದರೆ ಸಾಲದು, ತೂಬೂ ದೊಡ್ಡದಿರಬೇಕು

ಹದಿನಾರು ಕೋರ್ ಇದ್ದೂ ಅನಾಲಿಸಿಸ್ ರಾತ್ರಿಯಿಡೀ ಓಡುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ 100 ಪರ್ಸೆಂಟ್ ತೋರಿಸುತ್ತದೆ. ಪ್ರೊಸೆಸರೇ ಸಾಲದು ಅಂದುಕೊಂಡು ಇನ್ನೂ ಹೆಚ್ಚು ಕೋರ್ ಹುಡುಕುವವರು ಎಡವುವುದು ಇಲ್ಲೇ. ರಾಮ್‌ನಿಂದ ಡೇಟಾ ಬರಲೆಂದು ಕಾಯುತ್ತಾ ನಿಂತ ಕೋರನ್ನೂ ಟಾಸ್ಕ್ ಮ್ಯಾನೇಜರ್ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ ಹಾಕುತ್ತದೆ.

ರಾಮ್ ಕೆರೆಯಾದರೆ ಚಾನೆಲ್ ಅದರ ತೂಬು. ಒಂದು ಚಾನೆಲ್‌ನ ಅಗಲ 64 ಬಿಟ್, ಅಂದರೆ 8 ಬೈಟ್. ರಾಮ್‌ನ ವೇಗವನ್ನು (ಹೆಸರಿನ ಕೊನೆಯ ಸಂಖ್ಯೆ, ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಡೇಟಾ ಸಾಗುತ್ತದೆ ಎಂಬ ಲೆಕ್ಕ) 8ರಿಂದ, ಆಮೇಲೆ ಚಾನೆಲ್‌ಗಳ ಸಂಖ್ಯೆಯಿಂದ ಗುಣಿಸಿ. ಡಿಡಿಆರ್4-3200 ಎರಡು ಚಾನೆಲ್‌ನಲ್ಲಿ ಸೆಕೆಂಡಿಗೆ 51.2 ಜಿಬಿ ಕೊಡುತ್ತದೆ, ಡಿಡಿಆರ್5-5600 ಆದರೆ 89.6. 2023ರ ಥ್ರೆಡ್‌ರಿಪ್ಪರ್ 7000 ಸರಣಿ ನಾಲ್ಕು ಚಾನೆಲ್ ಡಿಡಿಆರ್5-5200ರಲ್ಲಿ 166.4, 2025ರ 9000 ಸರಣಿ 6400ರಲ್ಲಿ 204.8.

ಇಷ್ಟು ಯಾರಿಗೆ ಬೇಕು? ಒಂದು ಗೇರ್‌ಬಾಕ್ಸ್ ಕವಚಕ್ಕೆ ಲಕ್ಷಾಂತರ ನೋಡ್‌ಗಳ ಮೆಶ್ (ಲೆಕ್ಕಕ್ಕಾಗಿ ಸಣ್ಣ ತುಂಡುಗಳಾಗಿ ಒಡೆದ ಬಲೆ) ಹಾಕಿ ಸ್ಟ್ರೆಸ್ ನೋಡುವವರಿಗೆ ಬೇಕು. ಅಲ್ಲಿ ಹುಟ್ಟುವ ಮ್ಯಾಟ್ರಿಕ್ಸ್ ಹಲವು ಜಿಬಿ. ರೈಜನ್ 9 9950ಎಕ್ಸ್‌ನ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ) ಬರೀ 64 ಎಂಬಿ. ಪ್ರತಿ ಸುತ್ತಿಗೂ ಇಡೀ ಮ್ಯಾಟ್ರಿಕ್ಸ್ ರಾಮ್‌ನಿಂದಲೇ ಹಾದು ಬರಬೇಕು. ಗಾಳಿ, ನೀರಿನ ಹರಿವಿನ ಸಿಮ್ಯುಲೇಶನ್‌ಗೂ ಇದೇ ಪಾಡು. ಕೆಲವು ಕೋರ್‌ಗಳಾದ ಮೇಲೆ ಎಷ್ಟು ಕೋರ್ ಸೇರಿಸಿದರೂ ಸಮಯ ಇಳಿಯುವುದಿಲ್ಲ.

ಎರಡು ಚಾನೆಲ್‌ನ ದೊಡ್ಡ ತೊಡಕು ಬರುವುದು ಹೆಚ್ಚು ರಾಮ್ ಬೇಕಾದಾಗ. 192 ಅಥವಾ 256 ಜಿಬಿ ಬೇಕೆಂದರೆ ಎಎಂ5 ಬೋರ್ಡಿನ ನಾಲ್ಕೂ ಸ್ಲಾಟ್ ತುಂಬಬೇಕು. ಹಾಗೆ ತುಂಬಿದರೆ ರೈಜನ್ 7000, 9000 ಸರಣಿಗಳಿಗೆ ಕಂಪನಿ ಖಾತರಿ ಕೊಡುವ ವೇಗ ಬರೀ 3600. ಒಂದೇ ಚಾನೆಲ್‌ಗೆ ಎರಡು ಸ್ಟಿಕ್ ನೇತುಬಿದ್ದರೆ ಸಿಗ್ನಲ್ ಹದ ತಪ್ಪುತ್ತದೆ, ಅದಕ್ಕೇ ಈ ಇಳಿತ. ಆಗ ಸಿಗುವುದು 57.6 ಜಿಬಿ, ಹಳೇ ಡಿಡಿಆರ್4ಗಿಂತ ತುಸು ಮೇಲೆ ಅಷ್ಟೇ. ಥ್ರೆಡ್‌ರಿಪ್ಪರ್ 7000 ಕೂರುವ ನಾಲ್ಕು ಚಾನೆಲ್‌ನ ಟಿಆರ್‌ಎಕ್ಸ್50 ಬೋರ್ಡಿನಲ್ಲಿ 64 ಜಿಬಿಯ ನಾಲ್ಕು ಸ್ಟಿಕ್ ಹಾಕಿದರೂ ಒಂದೊಂದು ಚಾನೆಲ್‌ಗೆ ಒಂದೊಂದೇ ಸ್ಟಿಕ್. ವೇಗ 5200ರಿಂದ ಇಳಿಯುವುದಿಲ್ಲ. ಅಷ್ಟೇ ಜಿಬಿಗೆ ಸುಮಾರು ಮೂರು ಪಟ್ಟು ಹರಿವು.

ಭಾಷಾ ಮಾದರಿಗಳನ್ನು (ಚಾಟ್‌ಬಾಟ್ ಥರದ ಎಐ) ತಮ್ಮ ಕಂಪ್ಯೂಟರಿನಲ್ಲೇ ಓಡಿಸುವವರಿಗೂ ಈ ಲೆಕ್ಕ ನೇರ ತಟ್ಟುತ್ತದೆ. ಮಾಮೂಲಿ ಮಾದರಿಗಳಲ್ಲಿ ಒಂದೊಂದು ಟೋಕನ್ (ಪದದ ತುಣುಕು) ಬರೆಯಲು ಇಡೀ ಮಾದರಿಯನ್ನು ರಾಮ್‌ನಿಂದ ಒಮ್ಮೆ ಓದಬೇಕು. ಮಾದರಿ 40 ಜಿಬಿ ಇದ್ದರೆ 89.6 ಜಿಬಿಯ ಹರಿವಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಎರಡು ಟೋಕನ್, 166.4ರಲ್ಲಿ ನಾಲ್ಕು. ಕನ್ನಡದ ಒಂದು ಪದ ಸಾಮಾನ್ಯವಾಗಿ ಇಂಗ್ಲಿಷ್ ಪದಕ್ಕಿಂತ ಹೆಚ್ಚು ಟೋಕನ್‌ಗಳಾಗಿ ಒಡೆಯುವುದರಿಂದ, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ.

ಒಂದು ತಪ್ಪು ಮಾತ್ರ ಮಾಡಬೇಡಿ. ಥ್ರೆಡ್‌ರಿಪ್ಪರ್ 7000 ತಂದು "ಸದ್ಯಕ್ಕೆ ಎರಡು ಸ್ಟಿಕ್ ಇರಲಿ, ಮುಂದೆ ನೋಡೋಣ" ಎಂದರೆ ಹರಿವು 83.2 ಜಿಬಿಗೆ ಬೀಳುತ್ತದೆ, ಎಎಂ5ಗಿಂತ ಕಡಿಮೆ. ನಾಲ್ಕನ್ನೂ ಒಂದೇ ಕಿಟ್‌ನಲ್ಲಿ ತನ್ನಿ. ಅದಕ್ಕೆ ಆಗುವುದು ಆರ್‌ಡಿಮ್ (ಸರ್ವರ್ ಥರದ ರಾಮ್ ಸ್ಟಿಕ್) ಮಾತ್ರ. ಮಾಮೂಲಿ ಡೆಸ್ಕ್‌ಟಾಪ್ ರಾಮ್‌ನ ಕಚ್ಚು ಬೇರೆ ಜಾಗದಲ್ಲಿದೆ, ಒತ್ತಿದರೆ ಸ್ಲಾಟ್ ಮುರಿಯಬಹುದು.

ವಿರೋಧ: ಇರುವ ಎರಡನ್ನು ಮೊದಲು ತುಂಬಿ

ನಮ್ಮ ಕಡೆಯ ಸಿಸ್ಟಂಗಳ ನಿಜವಾದ ಕಾಯಿಲೆ ನಾಲ್ಕು ಚಾನೆಲ್ ಇಲ್ಲದ್ದಲ್ಲ, ಎರಡರಲ್ಲಿ ಒಂದು ಖಾಲಿ ಬಿದ್ದಿರುವುದು. ಕೊಟೇಶನ್‌ನಲ್ಲಿ "16 ಜಿಬಿ ರಾಮ್" ಎಂದಿರುತ್ತದೆ. ಕವಚ ಬಿಚ್ಚಿದರೆ 16ರ ಒಂದೇ ಸ್ಟಿಕ್. ದುಡ್ಡು ಕೊಟ್ಟ ಪ್ರೊಸೆಸರಿನ ಅರ್ಧ ಹರಿವು ಅಲ್ಲೇ ಹೋಯಿತು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 5600ಜಿ, 8600ಜಿ ಥರದ ಪ್ರೊಸೆಸರ್ ಹಾಕಿದ್ದರೆ ಏಟು ಇನ್ನೂ ಜೋರು, ಏಕೆಂದರೆ ಅದರ ಗ್ರಾಫಿಕ್ಸ್ ಕೂಡ ಇದೇ ರಾಮ್ ನಂಬಿಕೊಂಡಿರುತ್ತದೆ. 8ರ ಎರಡು ಸ್ಟಿಕ್ ಕೇಳಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ. ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ರಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 6000ದ ರಾಮ್ 4800ರಲ್ಲೇ ತೆವಳುತ್ತಿರುತ್ತದೆ.

ಡಿಡಿಆರ್5 ಹಾಕಿದ ಮೇಲೆ ಸಿಸ್ಟಂ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ "4 x 32 ಬಿಟ್" ಎಂದು ಕಂಡರೆ ನಾಲ್ಕು ಚಾನೆಲ್ ಸಿಕ್ಕಿತೆಂದು ಹಿಗ್ಗಬೇಡಿ. ಡಿಡಿಆರ್5 ಸ್ಟಿಕ್ ಒಂದೊಂದರಲ್ಲೂ 32 ಬಿಟ್‌ನ ಎರಡು ಉಪಚಾನೆಲ್ ಇರುತ್ತವೆ. ಒಟ್ಟು ಅಗಲ ಅದೇ 128 ಬಿಟ್.

ಚಾನೆಲ್ ಎಣಿಸಿ ಮೋಸಹೋಗುವ ಇನ್ನೊಂದು ದಾರಿ ಇಂಟೆಲ್‌ನ ಹಳೇ ಸರ್ವರ್ ಪ್ರೊಸೆಸರ್ ಜಿಯಾನ್. 14 ಕೋರ್‌ನ ಇ5-2680 ವಿ4 ಅನ್ನು "ನಾಲ್ಕು ಚಾನೆಲ್" ಎಂದು ಅಗ್ಗಕ್ಕೆ ಕೊಡುತ್ತಾರೆ. ಅದರ ಡಿಡಿಆರ್4-2400 ನಾಲ್ಕು ಚಾನೆಲ್ ಸೇರಿ 76.8 ಜಿಬಿ; ಹೊಸ ಡಿಡಿಆರ್5-5600 ಎರಡೇ ಚಾನೆಲ್‌ನಲ್ಲಿ ಅದನ್ನು ದಾಟುತ್ತದೆ. ಜೊತೆಗೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಆ ಪ್ರೊಸೆಸರ್ ಇಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ಗೇ ಮುಗಿದಿದೆ.

ಇನ್ನು ಖರ್ಚು. 24 ಕೋರ್‌ನ ಥ್ರೆಡ್‌ರಿಪ್ಪರ್ 7960ಎಕ್ಸ್ ಬಿಡುಗಡೆಯಾದಾಗ 1,499 ಡಾಲರ್, 16 ಕೋರ್‌ನ ರೈಜನ್ 9 9950ಎಕ್ಸ್ 649. ಅಸಲಿ ಭಾರ ಆಮೇಲಿನದು: ದುಬಾರಿ ಬೋರ್ಡು, ಆರ್‌ಡಿಮ್ ನಾಲ್ಕು, 350 ವ್ಯಾಟ್ ಪ್ರೊಸೆಸರಿಗೆ ಹೊಂದುವ ಕೂಲರ್, 1000 ವ್ಯಾಟ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ). 2025ರ ಕೊನೆಗೆ ರಾಮ್ ಬೆಲೆ ಏರಿದ ರೀತಿ ನೋಡಿದವರಿಗೆ ನಾಲ್ಕು ಆರ್‌ಡಿಮ್ ಸಣ್ಣ ಮಾತಲ್ಲ. ಕರೆಂಟ್ ಹೋಗಿ ಬರುವ ಊರಲ್ಲಿ ಯುಪಿಎಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಪ್ರೊಸೆಸರೊಂದೇ 350 ಎಳೆಯುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎಲ್ಲಿಗೆ? ಕರೆಂಟ್ ಹೋದ ಕ್ಷಣವೇ ಯುಪಿಎಸ್ ಓವರ್‌ಲೋಡ್ ಎಂದು ಕೂಗಿ ಆಫ್ ಆಗುತ್ತದೆ, ರಾತ್ರಿಯ ಅನಾಲಿಸಿಸ್ ಬೆಳಗ್ಗೆ ಮೊದಲಿನಿಂದ. ಒಂದು ಆರ್‌ಡಿಮ್ ಕೆಟ್ಟರೂ ಬಿ.ಎಚ್. ರಸ್ತೆಗೆ ಸಂಜೆ ಹೋಗಿ ತರುವ ಸಾಮಾನಲ್ಲ ಅದು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಆರ್ಡರ್ ಕೊಟ್ಟು ಕಾಯಬೇಕು, ಅಷ್ಟು ದಿನ ಮೆಷಿನ್ ಮೂರು ಕಾಲಲ್ಲಿ.

ಭಾಷಾ ಮಾದರಿಯ ವಾದವೂ ಪೂರ್ತಿ ನಿಲ್ಲುವುದಿಲ್ಲ. 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡಿನ ಮೆಮೊರಿ ಹರಿವು 360 ಜಿಬಿ. ಮಾದರಿ ಆ 12ರೊಳಗೆ ಹಿಡಿಸಿದರೆ ಯಾವ ನಾಲ್ಕು ಚಾನೆಲ್ಲೂ ಅದರ ಹತ್ತಿರ ಸುಳಿಯುವುದಿಲ್ಲ. 40 ಜಿಬಿಯ ಮಾದರಿ ಬೇಕಾದವರ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ಫೋಟೊಶಾಪ್, ಕೋರೆಲ್‌ಡ್ರಾ, ಟ್ಯಾಲಿ, ಆಟೊಕ್ಯಾಡ್ ಡ್ರಾಯಿಂಗ್ ಇವಕ್ಕೆ ಈ ಚರ್ಚೆಯೇ ಬೇಡ.

ಎರಡು ಚಾನೆಲ್ ಒಳಗೂ ರಾಮ್ ವೇಗಕ್ಕೆ ಸುರಿಯುವುದಕ್ಕೆ ಮಿತಿ ಇದೆ. ಆರು, ಎಂಟು ಕೋರ್‌ನ ರೈಜನ್ 7000, 9000 ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಕೋರ್‌ಗಳೆಲ್ಲ ಒಂದೇ ಚಿಪ್‌ಲೆಟ್‌ನಲ್ಲಿರುತ್ತವೆ (ಪ್ರೊಸೆಸರ್ ಒಳಗಿನ ಸಣ್ಣ ಚಿಪ್). ಅದಕ್ಕೂ ರಾಮ್ ನೋಡಿಕೊಳ್ಳುವ ಮೆಮೊರಿ ಕಂಟ್ರೋಲರಿಗೂ ನಡುವಿನ ಕೊಂಡಿ ಒಂದು ಕ್ಲಾಕಿಗೆ 32 ಬೈಟ್ ಓದುತ್ತದೆ. 2000 ಮೆಗಾಹರ್ಟ್ಸ್‌ನಲ್ಲಿ 64 ಜಿಬಿ. ಮುಂದೆ 8000ದ ರಾಮ್ ಕಟ್ಟಿದರೂ ಓದುವ ಹರಿವು ಅಲ್ಲೇ ನಿಲ್ಲುತ್ತದೆ. 6000ದ ಎರಡು ಸ್ಟಿಕ್ ಸಾಕು.

ಇಷ್ಟಾಗಿಯೂ ಅನುಮಾನ ಉಳಿದರೆ ಕೊಳ್ಳುವ ಮೊದಲು ಇರುವ ಸಿಸ್ಟಂನಲ್ಲೇ ಪರೀಕ್ಷೆ ಮಾಡಿ. ಅರ್ಧ ರಾಮ್‌ನಲ್ಲಿ ಹಿಡಿಸುವಂಥ ನಿಮ್ಮದೇ ಒಂದು ಅನಾಲಿಸಿಸ್ ಆರಿಸಿಕೊಳ್ಳಿ. ಹಿಡಿಸದಿದ್ದರೆ ಡಿಸ್ಕಿಗೆ ಹರಿದು ಲೆಕ್ಕ ಕೆಡುತ್ತದೆ. ಎರಡು ಸ್ಟಿಕ್‌ನಲ್ಲಿ ಓಡಿಸಿ ಸಮಯ ಬರೆದುಕೊಳ್ಳಿ. ಆಫ್ ಮಾಡಿ, ಪ್ಲಗ್ ಕಿತ್ತು, ನಾಲ್ಕನೇ ಸ್ಲಾಟಿನ ಸ್ಟಿಕ್ ತೆಗೆಯಿರಿ. ಮತ್ತೆ ಆನ್ ಮಾಡಿದಾಗ ಎಎಂ5 ಬೋರ್ಡು ಮೆಮೊರಿ ಟ್ರೈನಿಂಗ್‌ಗೆಂದು (ರಾಮ್‌ನ ಸಿಗ್ನಲ್ ಹೊಂದಿಸಿಕೊಳ್ಳಲು) ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇಡಬಹುದು. ಕೆಟ್ಟಿತೆಂದು ಸ್ವಿಚ್ ಒತ್ತಬೇಡಿ. ರಾಮ್ ವೇಗ ಮೊದಲಿನಷ್ಟೇ ಇದೆಯೇ ನೋಡಿ ಅದೇ ಕೆಲಸ ಓಡಿಸಿ. ಸಮಯ ಹೆಚ್ಚುಕಡಿಮೆ ಅಷ್ಟೇ ಬಂದರೆ ಥ್ರೆಡ್‌ರಿಪ್ಪರ್ ಕೊಟೇಶನ್ ವಾಪಸ್ ಕಳಿಸಿ. ಒಂದು ಗಂಟೆಯದು ಒಂದೂಮುಕ್ಕಾಲು ಗಂಟೆಗೆ ಹೋದರೆ ಮೇಲಿನ 'ಪರ' ವಾದದ ಲೆಕ್ಕ ನಿಮಗೆ ಸೇರಿದ್ದು, ಆಗ ಯುಪಿಎಸ್ಸಿನ ದುಡ್ಡನ್ನೂ ಸೇರಿಸಿ ಬಜೆಟ್ ಹಾಕಿ.