ಮೊಸಳೆ ನೋಡಿ ಹಾಗೇ ವಾಪಸ್ ಹೋಗ್ಬೇಡಿ ಮಾರಾಯ್ರೆ

ಬೆಂಗಳೂರಿನ ಫ್ರೆಂಡ್ಸ್ ಕಾರು ಮಾಡ್ಕೊಂಡು ಕಾಸರಗೋಡಿನ ನಮ್ಮ ಕುಂಬಳೆ ಕಡೆ ಬರ್ತಾರೆ, ಅನಂತಪುರ ದೇವಸ್ಥಾನದ ಕೆರೆ ಕಟ್ಟೆಯಲ್ಲಿ ನಿಂತು ಮೊಸಳೆ ಎಲ್ಲಿ ಅಂತ ಕೇಳ್ತಾರೆ, ಕಾಣದಿದ್ರೆ ಮುಖ ಸಣ್ಣ ಮಾಡ್ಕೊಂಡು ಸೀದಾ ಬೇಕಲ ಕೋಟೆಗೆ ಗಾಡಿ ಬಿಡ್ತಾರೆ. ಆ ಕೆರೆಯ ಹಳೇ ಮೊಸಳೆ ಬಬಿಯಾ ತೀರಿಹೋದದ್ದು 2022ರ ಅಕ್ಟೋಬರಲ್ಲಿ, ಮರುವರ್ಷ ನವೆಂಬರಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು, ಎಲ್ಲಿಂದ ಬಂತು ಕೇಳಿದ್ರೆ ನಾವು ನಗ್ತೇವೆ ಅಷ್ಟೆ. ಆದ್ರೆ ಒಳಗೆ ದೇವರನ್ನೂ ಸ್ವಲ್ಪ ನೋಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೇ ಅಂತ ನಂಬಿಕೆ, ಅಲ್ಲಿ ಮಲಗಿದವ ಇಲ್ಲಿ ಅನಂತನ ಮೇಲೆ ಕೂತಿದ್ದಾನೆ.

ಅಲ್ಲಿಂದ ಕುಂಬಳೆ ಪೇಟೆ ಹತ್ತಿರವೇ. ಹೈವೇಯಲ್ಲಿ ಹೋಗುವವನಿಗೆ ಇದೊಂದು ಬಸ್‌ಸ್ಟ್ಯಾಂಡು, ನಾಲ್ಕು ಬೇಕರಿ, ಮೀನಿನ ವಾಸನೆ. ನಮಗೆ ಮಾತ್ರ ಇದು ರಾಜರ ಸೀಮೆ, ಆಡೂರು ಮಧೂರು ಕಾವು ಕಣಿಯಾರ ಅಂತ ಸೀಮೆಯ ನಾಲ್ಕು ದೇವಸ್ಥಾನದ ಹೆಸರು ಅಜ್ಜಿಯಂದಿರು ಒಂದೇ ಉಸಿರಲ್ಲಿ ಹೇಳ್ತಿದ್ರು, ಕಣಿಯಾರ ಅಂದ್ರೆ ಪೇಟೆಯ ಗೋಪಾಲಕೃಷ್ಣ, ಕಾವು ಅಂದ್ರೆ ಮುಜುಂಗಾವು.

ಆ ಮುಜುಂಗಾವಿಗೆ ಹೊರಗಿನಿಂದ ಬಂದವರು ಯಾರೂ ಹೋಗೋದಿಲ್ಲ, ನನ್ನ ಸಿಟ್ಟು ಇರೋದೇ ಅಲ್ಲಿ! ಕಾವೇರಿ ಸಂಕ್ರಮಣದ ದಿನ ಬೆಳಗಾಗುವ ಮೊದಲೇ ಕೆರೆ ತುಂಬ ಜನ, ಮಿಂದ್ರೆ ಮೈಮೇಲಿನ ಕೆಡು, ಅಂದ್ರೆ ನರಹುಲಿ, ಹೋಗ್ತದೆ ಅಂತ (ನನ್ನದು ಹೋಗ್ಲಿಲ್ಲ, ಭಕ್ತಿ ಸಾಕಾಗ್ಲಿಲ್ಲ ಅಂದ್ಲು ಅಮ್ಮ). ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಬರೆದುಕೊಟ್ಟ ಪಾರ್ತಿಸುಬ್ಬನೂ ಈ ಕುಂಬಳೆ ಸೀಮೆಯವನೇ. ಉಡುಪಿ, ಶಿರಸಿಯಲ್ಲಿ ರಾತ್ರಿ ಆಟ ನೋಡಿ ಕುಣಿಯುವ ಜನರಿಗೇ ಈ ವಿಷಯ ಗೊತ್ತಿಲ್ಲ, ಅವನು ಬರೆದ ಊರು ಈಗ ಕೇರಳದಲ್ಲಿದೆ ಅಂತ ಹೇಳಿದ್ರೆ ಹೌದಾ ಅಂತ ಕಣ್ಣು ಬಿಡ್ತಾರೆ. 1956ರಲ್ಲಿ ಗೆರೆ ಎಳೆದದ್ದು ಯಾರೋ, ನಾವೇನು ಮನೆ ಬದಲು ಮಾಡ್ಲಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. ಮಲಯಾಳದಲ್ಲಿ ಊರಿನ ಹೆಸರು ಕುಂಬಳ, ಅದು ಅವರ ಬಾಯಿಗೆ ಸರಿ. ಕನ್ನಡದಲ್ಲಿ ಬರೆಯುವವರೂ ಈಗ ಕುಂಬಳ ಅಂತ ಬರೀತಾರೆ, ನಾವೆಂತ ತರಕಾರಿಯಾ? ಅನಿಲ್ ಕುಂಬ್ಳೆಯ ಹೆಸರಲ್ಲಿ ಇರೋದೂ ಇದೇ ಊರು, ನೆನಪಿರಲಿ.

ಬರೋದಾದ್ರೆ ಜನವರಿಯಲ್ಲಿ ಬನ್ನಿ, ಕಣಿಪುರದ ಜಾತ್ರೆಗೆ, ಅಂದ್ರೆ ಅದೇ ಪೇಟೆಯ ಗೋಪಾಲಕೃಷ್ಣನ ಜಾತ್ರೆಗೆ. ಕುಂಬಳೆ ಬೆಡಿ, ಅಂದ್ರೆ ಜಾತ್ರೆಯ ಸಿಡಿಮದ್ದು, ಸುತ್ತೆಲ್ಲ ಗೊತ್ತು. ಮನೆಯಲ್ಲಿ ಜಾಗ ಉಂಟು, ಕಿವಿಗೆ ಹತ್ತಿ ಮಾತ್ರ ನೀವೇ ತನ್ನಿ.